ಬಣ್ಣ ಬಿಡದ ಗುಣ

ತಪಸ್ಸುಕಾಲದ ಚಿಂತನೆ
ವಾಚನಗಳು: ಯೆಶಾಯ 1:10, 16-20, ಮತ್ತಾಯ 23:1-12



‘ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಗಂಡನ ಸಿಟ್ಟಿನ ಬಗ್ಗೆ ಹೆಂಡತಿ ಹೇಳುತ್ತಾರೆ, ಮಗನ ಸೋಮಾರಿತನದ ಬಗ್ಗೆ ತಂದೆ ಹೇಳುತ್ತಾರೆ. ಎಷ್ಟೋ ಸಲ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುತ್ತೇವೆ: ‘ನನ್ನ ಸ್ವಭಾವವೇ ಹೀಗೆ, ಏನು ಮಾಡೋದು?’ ಚಾಮರಾಜನಗರ, ಕೊಳ್ಳೇಗಾಲದ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲ ದಾಟಿ ಈ ಸೀಮೆಗೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೇವೆ. ಘಟ್ಟ ಹತ್ತಿದ್ದಾಯಿತು, ಇಳಿದದ್ದೂ ಆಯಿತು. ಊರು ಬದಲಾಯಿತು, ಕೆಲಸ ಬದಲಾಯಿತು, ಬಾಯಿಗೆ ತಮಿಳೂ ಬಂತು. ಗುಣ ಮಾತ್ರ ಹಾಗೆಯೇ ಉಳಿಯಿತೇ? ಮನುಷ್ಯನ ಗುಣ ನಿಜವಾಗಿಯೂ ಬದಲಾಗುತ್ತದೆಯೇ?

ತಪಸ್ಸುಕಾಲದ ಎರಡನೆಯ ವಾರದ ಮಂಗಳವಾರ ಧರ್ಮಸಭೆ ನಮಗೆ ಓದಲು ಕೊಡುವ ವಾಚನ ಈ ಗಾದೆಗೆ ನೇರವಾಗಿ ಎದುರು ನಿಲ್ಲುತ್ತದೆ. ನಿಮ್ಮನ್ನು ತೊಳೆದುಕೊಳ್ಳಿರಿ, ಕೆಟ್ಟದ್ದನ್ನು ಬಿಡಿರಿ ಎಂದು ಪ್ರವಾದಿ ಯೆಶಾಯರ ಬಾಯಿಂದ ದೇವರು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಒಳ್ಳೆಯದನ್ನು ಮಾಡಲು ಕಲಿಯಿರಿ ಎನ್ನುತ್ತಾರೆ. ಆ ‘ಕಲಿಯುವುದು’ ಎಂಬ ಮಾತನ್ನು ನಾವು ಗಮನಿಸಬೇಕು. ಕಲಿಯಬೇಕು ಎಂದರೆ ಕಲಿಯಲು ಸಾಧ್ಯ ಎಂದೇ ಅರ್ಥ. ಅಡುಗೆ ಕಲಿಯುತ್ತೇವೆ, ಹೊಲಿಗೆ ಕಲಿಯುತ್ತೇವೆ, ಇಲ್ಲಿಗೆ ಬಂದು ತಮಿಳು ಕಲಿತೆವು. ಹಾಗೆಯೇ ಒಳಿತನ್ನೂ ಕಲಿಯಬಹುದು. ಅದಾದ ಮೇಲೆ ಪ್ರವಾದಿ ಒಂದು ಬಣ್ಣದ ಮಾತನ್ನು ಹೇಳುತ್ತಾರೆ: ಕಡುಗೆಂಪಾದ ಪಾಪಗಳೂ ಹಿಮದಂತೆ, ಉಣ್ಣೆಯಂತೆ ಬೆಳ್ಳಗಾಗುತ್ತವೆ ಎಂಬ ವಾಗ್ದಾನ.

ಬಣ್ಣದ ಮಾತು ಬಂದರೆ ತಿರುಪ್ಪೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಯುವಜನರಲ್ಲಿ ಬನಿಯನ್ ಕಂಪನಿಗಳಲ್ಲಿ ಕಟಿಂಗ್, ಚೆಕಿಂಗ್ ಮಾಡುವವರಿದ್ದಾರೆ, ಡೈಯಿಂಗ್‌ನಲ್ಲಿ ದುಡಿಯುವವರೂ ಇದ್ದಾರೆ. ಆದ್ದರಿಂದ ಈ ತಪಸ್ಸುಕಾಲದಲ್ಲಿ ಗುಣ ಬೆಳೆಯುವ ಬಗೆಯನ್ನು ದಿನವೂ ನಮ್ಮ ಕಣ್ಣೆದುರು ನಡೆಯುವ ಆ ಕೆಲಸದಿಂದಲೇ ಅರಿಯಲು ಪ್ರಯತ್ನಿಸೋಣ.

ಸದ್ಗುಣ ಎಂದರೆ ಏನು?

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಸದ್ಗುಣವನ್ನು ಒಂದು ಸಲದ ಒಳ್ಳೆಯ ಕೆಲಸ ಎಂದು ಎಣಿಸುವುದಿಲ್ಲ. ಒಳಿತನ್ನು ಮಾಡಲು ಮನಸ್ಸಿಗೆ ಬೇರೂರಿದ, ಸ್ಥಿರವಾದ ಅಭ್ಯಾಸವೇ ಸದ್ಗುಣ ಎಂಬುದು ಅದರ ಬೋಧನೆ. ವಿವೇಕ, ನ್ಯಾಯ, ಸ್ಥೈರ್ಯ, ಸಂಯಮ ಎಂಬ ನಾಲ್ಕು ಸದ್ಗುಣಗಳು ಮಿಕ್ಕ ಮಾನವೀಯ ಗುಣಗಳಿಗೆಲ್ಲ ಆಧಾರ. ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು ದೇವರೇ ನಮ್ಮ ಆತ್ಮದಲ್ಲಿ ಇಡುವ ವರಗಳು. ಮೊದಲ ನಾಲ್ಕನ್ನು ನಾವು ಅಭ್ಯಾಸದಿಂದ ಬೆಳೆಸಿಕೊಳ್ಳಬೇಕು. ಕೊನೆಯ ಮೂರನ್ನು ದೇವರಿಂದ ಪಡೆದು ಕಾಪಾಡಿಕೊಳ್ಳಬೇಕು.

ಒಂದು ಶುಕ್ರವಾರ ಮಾಂಸ ಬಿಟ್ಟ ಮಾತ್ರಕ್ಕೆ ಸಂಯಮ ಬಂತು ಎನ್ನಲಾಗದು. ಹಬ್ಬದ ದಿನ ನೂರು ರೂಪಾಯಿ ಕೊಟ್ಟ ಮಾತ್ರಕ್ಕೆ ಉದಾರಿಗಳಾದೆವು ಎನ್ನಲೂ ಆಗದು. ಯಾರೂ ನೋಡದಿದ್ದಾಗಲೂ, ಆಯಾಸವಾಗಿದ್ದಾಗಲೂ, ನಷ್ಟವಾದಾಗಲೂ ನಮ್ಮ ಕೈ ತಾನಾಗಿ ಯಾವ ಕಡೆಗೆ ಹೋಗುತ್ತದೆಯೋ ಅದು ನಮ್ಮ ಗುಣ. ಮಂಗಳವಾರದ ಶುಭಸಂದೇಶದಲ್ಲಿ ಪ್ರಭು ಯೇಸು ಇದನ್ನೇ ಬಯಲಿಗೆ ಎಳೆಯುತ್ತಾರೆ. ಫರಿಸಾಯರು ಹೇಳುತ್ತಾರೆ, ಮಾಡುವುದಿಲ್ಲ. ಭಾರವಾದ ಹೊರೆಗಳನ್ನು ಕಟ್ಟಿ ಬೇರೆಯವರ ಹೆಗಲಿಗೆ ಏರಿಸುತ್ತಾರೆ, ತಾವು ಬೆರಳನ್ನೂ ಸೋಕಿಸುವುದಿಲ್ಲ. ಅವರು ಮಾಡುವುದೆಲ್ಲ ಜನ ನೋಡಲಿ ಎಂದು. ‘ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ’ ಎಂದು ನಮ್ಮ ಹಿರಿಯರು ಆಡಿಕೊಂಡದ್ದೂ ಇಂಥವರನ್ನೇ. ಮೇಲೆ ಬಣ್ಣ ಇದೆ, ನೂಲಿಗೆ ಹತ್ತಿಲ್ಲ.

ಮೊದಲು ತೊಳೆಯಬೇಕು

ನಿಟ್ಟಿಂಗ್ ಯಂತ್ರದಿಂದ ಬಂದ ಬಟ್ಟೆಯನ್ನು ಹಾಗೆಯೇ ಬಣ್ಣಕ್ಕೆ ಹಾಕುವುದಿಲ್ಲ. ಹತ್ತಿಯ ಎಳೆಯ ಮೇಲೆ ಸಹಜವಾಗಿಯೇ ಮೇಣದಂಥ ಒಂದು ಪದರ ಇರುತ್ತದೆ. ಯಂತ್ರದ ಎಣ್ಣೆಯೂ ಹತ್ತಿರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಪೆರಾಕ್ಸೈಡ್‌ನಲ್ಲಿ ಬಿಳುಪಾಗಿಸಿದ ಮೇಲೆಯೇ ಬಟ್ಟೆ ನೀರನ್ನು ಹೀರುತ್ತದೆ. ಇದನ್ನು ಅರೆಬರೆ ಮಾಡಿದರೆ ಎಷ್ಟು ಬೆಲೆಬಾಳುವ ಬಣ್ಣ ಹಾಕಿದರೂ ಅಲ್ಲಲ್ಲಿ ತೇಪೆ ಕಾಣುತ್ತದೆ, ಇಡೀ ಲಾಟ್ ಹಿಂದಕ್ಕೆ ಬರುತ್ತದೆ.

ಯೆಶಾಯರ ವಾಚನದಲ್ಲಿಯೂ ಕ್ರಮ ಇದೇ. ಮೊದಲು ತೊಳೆದುಕೊಳ್ಳುವುದು, ಆಮೇಲೆ ಕಲಿಯುವುದು. ಪಾಪನಿವೇದನೆ ಸಂಸ್ಕಾರವಿರುವುದು ಇದಕ್ಕಾಗಿ. ಆದರೆ ನಮ್ಮ ಪಾಪನಿವೇದನೆ ಎಷ್ಟೋ ಸಲ ಬಾಯಿಪಾಠದಂತೆ ಇರುತ್ತದೆ: ಸಿಟ್ಟು ಮಾಡಿಕೊಂಡೆ, ಸುಳ್ಳು ಹೇಳಿದೆ, ಪೂಜೆಗೆ ತಪ್ಪಿದೆ. ಹತ್ತು ವರ್ಷಗಳಿಂದ ಅದೇ ಮೂರು ವಾಕ್ಯ. ಯಾರ ಮೇಲೆ ಸಿಟ್ಟು? ಮೇಲಧಿಕಾರಿಯ ಮುಂದೆ ನುಂಗಿಕೊಂಡ ಸಿಟ್ಟನ್ನು ಮನೆಗೆ ಬಂದು ಯಾರ ಮೇಲೆ ತೀರಿಸಿದೆವು? ಯಾವ ಸುಳ್ಳು, ಯಾರಿಗೆ ನಷ್ಟ? ಆತ್ಮಶೋಧನೆ ಇಷ್ಟು ಹತ್ತಿರಕ್ಕೆ ಬಂದಾಗಲೇ ಮೇಣ ಕರಗಲು ಶುರುವಾಗುತ್ತದೆ. ಲೊಯೋಲದ ಸಂತ ಇಗ್ನಾಸಿಯವರು ದಿನವೂ ಆತ್ಮಶೋಧನೆ ಮಾಡಿಕೊಳ್ಳಲು ಕಲಿಸಿದ್ದು ಇದರಿಂದಲೇ. ದಿನದ ಕೊಳೆ ಅದೇ ದಿನ ಹೋದರೆ ಸುಲಭ, ಒಣಗಿ ಕಲೆಯಾದ ಮೇಲೆ ಕಷ್ಟ.

ಇಲ್ಲಿ ನಮ್ಮ ಜನರದೇ ಒಂದು ಅಡಚಣೆಯನ್ನು ಹೇಳಬೇಕು. ‘ಇಲ್ಲಿ ಕನ್ನಡ ಬಲ್ಲ ಗುರುಗಳಿಲ್ಲ, ಊರಿಗೆ ಹೋದಾಗ ಪಾಪನಿವೇದನೆ ಮಾಡಿದರಾಯಿತು’ ಎಂದು ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಮನಸ್ಸಿನ ಮಾತನ್ನು ತಾಯ್ನುಡಿಯಲ್ಲಿ ಹೇಳುವ ಆಸೆ ಸಹಜವೇ. ಆದರೆ ಅರೆಬರೆ ತಮಿಳಿನಲ್ಲಿ ಹೇಳಿದ ಪಾಪವನ್ನೂ ದೇವರು ಪೂರ್ತಿಯಾಗಿಯೇ ಕ್ಷಮಿಸುತ್ತಾರೆ. ಅದೂ ಆಗದಿದ್ದರೆ, 1983ರ ಧರ್ಮಸಭಾ ಕಾನೂನಿನ 990ನೆಯ ವಿಧಿಯು ದುಭಾಷಿಯ ಮೂಲಕ ಪಾಪನಿವೇದನೆ ಮಾಡಲೂ ಅವಕಾಶ ಕೊಡುತ್ತದೆ. ಆ ದುಭಾಷಿಗೂ ಗುಟ್ಟು ಕಾಯುವ ಕಟ್ಟುಪಾಡಿದೆ. ಭಾಷೆಯ ನೆಪ ಹೇಳಿ ತೊಳೆಯುವ ಕೆಲಸವನ್ನು ಮುಂದೂಡುವುದು ಬೇಡ.

ನಿಧಾನವಾಗಿ ಹತ್ತುವ ಬಣ್ಣ

ಎರಡನೆಯ ಹಂತ ಬಣ್ಣ ಹಾಕುವುದು. ಎಲ್ಲ ಬಣ್ಣವನ್ನೂ ಒಂದೇ ಸಲ ಸುರಿದರೆ ಬಟ್ಟೆ ಒಂದು ಕಡೆ ಕಪ್ಪಾಗಿ, ಇನ್ನೊಂದು ಕಡೆ ಪೇಲವವಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಬಣ್ಣ ಬಿಡಬೇಕು, ಬಟ್ಟೆ ಸುತ್ತುತ್ತಲೇ ಇರಬೇಕು. ಬಣ್ಣವು ನೀರನ್ನು ಬಿಟ್ಟು ನೂಲಿನ ಕಡೆಗೆ ಸರಿಯುವಂತೆ ಉಪ್ಪು ಹಾಕಬೇಕು, ಬಿಸಿಯನ್ನು ಹಿಡಿದಿಡಬೇಕು. ಅವಸರ ಮಾಡಿದ ಮಾಸ್ಟರ್ ಕೆಟ್ಟ.

ಬೂದಿ ಬುಧವಾರದ ಸಂಜೆ ನಾವು ಮಾಡುವ ನಿರ್ಧಾರಗಳನ್ನು ನೆನೆಯಿರಿ. ನಲವತ್ತು ದಿನ ಮೊಬೈಲ್ ಮುಟ್ಟುವುದಿಲ್ಲ, ಕುಡಿಯುವುದಿಲ್ಲ, ದಿನಕ್ಕೆ ಎರಡು ಜಪಸರ, ಯಾರ ಮೇಲೂ ಸಿಟ್ಟಿಲ್ಲ! ಭಾನುವಾರದ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ. ಆಮೇಲೆ ‘ನಮ್ಮಿಂದ ಆಗದು’ ಎಂದು ಕೈಬಿಡುತ್ತೇವೆ, ಮತ್ತೆ ಅದೇ ಹುಟ್ಟುಗುಣದ ಗಾದೆ. ನಮ್ಮ ತೊಂದರೆ ಆಸೆ ಕಡಿಮೆಯಾದದ್ದಲ್ಲ, ಎಲ್ಲವನ್ನೂ ಒಂದೇ ಸಲ ಸುರಿದದ್ದು. ಅತಿ ಚಿಕ್ಕದರಲ್ಲಿ ನಂಬಿಗಸ್ತನಾದವನು ದೊಡ್ಡದರಲ್ಲಿಯೂ ನಂಬಿಗಸ್ತನು ಎಂದು ಲೂಕನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಪ್ರಭು ಕಲಿಸುತ್ತಾರೆ. ಪ್ರಭುವಿನ ದೃಷ್ಟಿ ಮೊದಲು ಹೋದದ್ದು ಚಿಕ್ಕದರ ಕಡೆಗೆ.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ವಿವರಿಸಿದಂತೆ, ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ಮನಸ್ಸಿಗೆ ಆ ಕಡೆಗೆ ಒಂದು ವಾಲು ಬರುತ್ತದೆ. ಧೈರ್ಯದ ಕೆಲಸಗಳನ್ನು ಮಾಡುತ್ತ ಧೈರ್ಯವಂತರಾಗುತ್ತೇವೆ, ನ್ಯಾಯದ ಕೆಲಸಗಳನ್ನು ಮಾಡುತ್ತ ನ್ಯಾಯವಂತರಾಗುತ್ತೇವೆ. ಕೆಟ್ಟದ್ದೂ ಇದೇ ದಾರಿಯಲ್ಲಿ ಬರುತ್ತದೆ. ಯಾರೂ ಒಂದೇ ದಿನದಲ್ಲಿ ಮೋಸಗಾರರಾಗುವುದಿಲ್ಲ. ಮೊದಲು ಪೀಸ್ ರೇಟಿನ ಲೆಕ್ಕದಲ್ಲಿ ನಾಲ್ಕು ಪೀಸ್ ಹೆಚ್ಚು ಬರೆಯುತ್ತಾರೆ. ಆಮೇಲೆ ಹೆಲ್ಪರ್ ಹುಡುಗಿಯ ಅರ್ಧ ಶಿಫ್ಟ್ ಅಳಿಸುತ್ತಾರೆ. ಮೂರನೆಯ ತಿಂಗಳಿಗೆ ಕೈ ನಡುಗುವುದು ನಿಲ್ಲುತ್ತದೆ. ಬಣ್ಣ ಹತ್ತಿತು ಎಂದರೆ ಹೀಗೆ.

ಜಗದ್ಗುರು ಫ್ರಾನ್ಸಿಸರು 2023ರ ಡಿಸೆಂಬರ್ 27ರಂದು ದುರ್ಗುಣ ಮತ್ತು ಸದ್ಗುಣಗಳ ಬಗ್ಗೆ ಬುಧವಾರದ ಉಪದೇಶಮಾಲೆಯನ್ನು ಪ್ರಾರಂಭಿಸಿದರು. ಮೊದಲ ದಿನವೇ ಅವರು ಆದಿಕಾಂಡದ ಸರ್ಪದ ಪ್ರಸಂಗವನ್ನು ಎತ್ತಿಕೊಂಡು, ಸೈತಾನನ ಜೊತೆ ಮಾತಿಗೆ ನಿಲ್ಲಲೇಬಾರದು ಎಂದು ಎಚ್ಚರಿಸಿದರು. ಹವ್ವಳು ಸೋತದ್ದು ಹಣ್ಣಿಗೆ ಕೈ ಚಾಚಿದಾಗಲ್ಲ, ಸರ್ಪದ ಜೊತೆ ಚರ್ಚೆಗೆ ನಿಂತಾಗಲೇ ಎಂದು ನಾವು ಅರ್ಥ ಮಾಡಿಕೊಳ್ಳಬಹುದು. ಸಂಜೆ ಟಾಸ್ಮಾಕ್ ಅಂಗಡಿಯ ಮುಂದಿನ ದಾರಿಯಲ್ಲೇ ಬಂದು, ‘ಒಳಗೆ ಹೋಗುವುದಿಲ್ಲ’ ಎಂದು ಬಾಗಿಲ ಬಳಿ ತನ್ನೊಡನೆ ತಾನು ವಾದಿಸುವವನು ಬಹುತೇಕ ಸೋತಂತೆಯೇ. ಬೇರೆ ಬೀದಿಯಲ್ಲಿ ಬರುವುದೇ ಅವನ ಚಿಕ್ಕ ನಂಬಿಗಸ್ತಿಕೆ.

ಬಣ್ಣ ನಿಲ್ಲುವುದು ಯಾವುದರಿಂದ?

ಇಷ್ಟಾದರೂ ಬಣ್ಣ ಇನ್ನೂ ನಿಂತಿಲ್ಲ. ನೂಲಿನ ಹತ್ತಿರ ಬಂದಿದೆ ಅಷ್ಟೆ, ತಣ್ಣೀರಿನಲ್ಲಿ ಜಾಲಿಸಿದರೆ ಹೋಗಿಬಿಡುತ್ತದೆ. ಕೊನೆಗೆ ಸೋಡಾ ಆಶ್ ಹಾಕುತ್ತಾರೆ. ಸಾಮಾನ್ಯವಾಗಿ 60 ಡಿಗ್ರಿಯಷ್ಟು ಬಿಸಿಯಲ್ಲಿ, ಆ ಕ್ಷಾರದಲ್ಲಿ ಬಣ್ಣದ ಅಣುವೂ ಹತ್ತಿಯ ಅಣುವೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅದಾದ ಮೇಲೆ ಬಣ್ಣವನ್ನೂ ನೂಲನ್ನೂ ಬಿಡಿಸುವುದು ಸುಲಭವಲ್ಲ. ರಿಯಾಕ್ಟಿವ್ ಬಣ್ಣ ಎಂದು ಇದನ್ನು ಕರೆಯುವುದು ಈ ಬೆಸುಗೆಯಿಂದಾಗಿ.

ನಮ್ಮ ಪ್ರಯತ್ನಕ್ಕೂ ಹೊರಗಿನಿಂದ ಒಂದು ಶಕ್ತಿ ಬಂದು ಸೇರಬೇಕು. ಬಯಸುವ ಒಳಿತನ್ನು ಮಾಡಲಾರೆ, ದ್ವೇಷಿಸುವ ಕೆಡುಕನ್ನೇ ಮಾಡುತ್ತೇನೆ ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ ನರಳುತ್ತಾರೆ. ಪೌಲರಂಥ ಪೌಲರಿಗೇ ಬರಿಯ ಛಲ ಸಾಲಲಿಲ್ಲ. ಅವರು ಕೊನೆಗೆ ಯೇಸುಕ್ರಿಸ್ತರ ಮುಖಾಂತರ ದೇವರಿಗೆ ಕೃತಜ್ಞತೆ ಹೇಳಿ ನಿಟ್ಟುಸಿರು ಬಿಡುತ್ತಾರೆ. ವರಪ್ರಸಾದ ಎಂದು ನಾವು ಕರೆಯುವುದು ಇದನ್ನೇ. ಬಲಿಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದ, ದೇವರ ವಾಕ್ಯ, ಮೌನ ಪ್ರಾರ್ಥನೆ, ಒಬ್ಬರಿಗೊಬ್ಬರು ಆಸರೆಯಾಗುವ ವಿಶ್ವಾಸಿಗಳ ಕೂಟ, ಇವುಗಳ ಮೂಲಕ ದೇವರು ನಮ್ಮ ಚಿಕ್ಕ ಅಭ್ಯಾಸಗಳನ್ನು ತಮ್ಮ ಜೀವಕ್ಕೆ ಬೆಸೆಯುತ್ತಾರೆ. ಪ್ರಯತ್ನವಿಲ್ಲದ ಪ್ರಾರ್ಥನೆ ಬಣ್ಣವಿಲ್ಲದ ಸೋಡಾ ನೀರು. ಪ್ರಾರ್ಥನೆಯಿಲ್ಲದ ಪ್ರಯತ್ನ ಮೊದಲ ಒಗೆತಕ್ಕೆ ಹೋಗುವ ಬಣ್ಣ.

ಒಂದು ವ್ಯತ್ಯಾಸ ಮಾತ್ರ ಇದೆ. ಬಟ್ಟೆಯ ಇಷ್ಟವನ್ನು ಯಾರೂ ಕೇಳುವುದಿಲ್ಲ. ದೇವರು ನಮ್ಮನ್ನು ಕೇಳುತ್ತಾರೆ. ಯೆಶಾಯರ ಅದೇ ವಾಚನದಲ್ಲಿ, ನೀವು ಒಪ್ಪಿದರೆ, ಮನಸ್ಸು ಮಾಡಿದರೆ ಎಂಬ ಮಾತು ಬರುತ್ತದೆ. ನಮ್ಮ ಒಪ್ಪಿಗೆಯಿಲ್ಲದೆ ದೇವರು ನಮ್ಮನ್ನು ಒಳ್ಳೆಯವರನ್ನಾಗಿ ಮಾಡುವುದಿಲ್ಲ.

ಉಜ್ಜಿ ನೋಡುವ ದಿನ

ಬಟ್ಟೆ ಸಿದ್ಧವಾದ ಮೇಲೆ ಪರೀಕ್ಷೆ ಇದೆ. ಬಿಳಿಯ ತುಂಡು ಬಟ್ಟೆಯೊಂದನ್ನು ತೆಗೆದುಕೊಂಡು ಬಣ್ಣದ ಬಟ್ಟೆಯ ಮೇಲೆ ಉಜ್ಜುತ್ತಾರೆ. ಒಮ್ಮೆ ಒಣಗಿದ ಬಿಳಿ ಬಟ್ಟೆಯಲ್ಲಿ, ಇನ್ನೊಮ್ಮೆ ಒದ್ದೆ ಬಟ್ಟೆಯಲ್ಲಿ. ಒಣ ಪರೀಕ್ಷೆಯಲ್ಲಿ ಗೆದ್ದ ಬಣ್ಣ ಒದ್ದೆಯಲ್ಲಿ ಸೋಲುವುದುಂಟು. ನಮ್ಮ ಗುಣಕ್ಕೂ ಸುಖದ ದಿನಗಳಲ್ಲಿ ನಡೆಯುವುದು ಒಣ ಪರೀಕ್ಷೆ.

ಗಡಿ ದಾಟಿ ಬಂದ ನಮ್ಮಂಥವರಿಗೆ ಒದ್ದೆ ಪರೀಕ್ಷೆಗಳು ಬಂದದ್ದುಂಟು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವಿಷಯದಲ್ಲಿ ಎರಡೂ ರಾಜ್ಯಗಳು ಉರಿದವು. 12ನೆಯ ತಾರೀಖು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿತ್ತು, ತಮಿಳರ ಮೇಲೆ ಹಲ್ಲೆಯಾಯಿತು. ತಮಿಳುನಾಡಿನಲ್ಲಿಯೂ ಕನ್ನಡಿಗರ ಮೇಲೆ ಹಲ್ಲೆಗಳಾದವು. ಎರಡು ರಾಜ್ಯಗಳ ನಡುವೆ ಬಸ್ಸು ನಿಂತಿತು. ಆ ದಿನಗಳಲ್ಲಿ ಬೀದಿಯಲ್ಲಿ ಕನ್ನಡ ಮಾತಾಡಲು ಅಂಜಿದ ಮನೆಗಳಿದ್ದವು. ಒಂದು ಕೋಪದ ವಿಡಿಯೋ ಎಷ್ಟು ಬಾಗಿಲುಗಳನ್ನು ಮುಚ್ಚಿಸಬಲ್ಲದು ಎಂಬುದು ಆ ಅಂಜಿಕೆಯನ್ನು ಕಂಡವರಿಗೆ ಗೊತ್ತು.

2023ರ ಮಾರ್ಚ್ ಮೊದಲ ವಾರದಲ್ಲಿ ಅಂಜುವ ಸರದಿ ಬೇರೆಯವರದಾಯಿತು. ಬಿಹಾರದ ಕೆಲಸಗಾರರನ್ನು ತಮಿಳುನಾಡಿನಲ್ಲಿ ಹೊಡೆದು ಸಾಯಿಸುತ್ತಿದ್ದಾರೆ ಎಂಬ ಸುಳ್ಳು ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ತಿರುಪ್ಪೂರು, ಕೊಯಮತ್ತೂರಿನ ಉತ್ತರ ಭಾರತದ ಕೆಲಸಗಾರರಲ್ಲಿ ಗಾಬರಿ ಹುಟ್ಟಿತು. ತಮಿಳುನಾಡು ಪೊಲೀಸರು ಅವು ಸುಳ್ಳೆಂದು ಹೇಳಿ ಮೊಕದ್ದಮೆ ಹೂಡಬೇಕಾಯಿತು, ವಿಚಾರಿಸಲು ಬಿಹಾರ ಸರ್ಕಾರದ ತಂಡವೇ ಇಲ್ಲಿಗೆ ಬಂತು. ಇಂಥ ಹೊತ್ತಿನಲ್ಲಿ ವಿವೇಕ ಎಂಬ ಸದ್ಗುಣ ಎಂದರೆ ಬೆರಳನ್ನು ಒಂದು ನಿಮಿಷ ತಡೆದು, ಇದು ನಿಜವೇ ಎಂದು ಕೇಳುವುದು. ಸ್ಥೈರ್ಯ ಎಂದರೆ ಗುಂಪಿನಲ್ಲಿ ಎಲ್ಲರೂ ‘ಹಿಂದಿಕಾರರು’ ಎಂದು ಹೀಯಾಳಿಸುವಾಗ ನಗದೆ ಇರುವುದು. ನ್ಯಾಯ ಎಂದರೆ ಜಾರ್ಖಂಡಿನಿಂದಲೋ ಒಡಿಶಾದಿಂದಲೋ ಬಂದ ಹುಡುಗನಿಗೆ ನಮಗೆ ಸಿಗುವಷ್ಟೇ ಕೂಲಿ ಸಿಗಲಿ ಎಂದು ಬಯಸುವುದು. ಹತ್ತು ಜನರ ಭಾಷೆಯ ನಡುವೆ ಒಬ್ಬರಾಗಿ ಬದುಕುವ ಕಷ್ಟ ನಮಗೆ ಗೊತ್ತಿದೆ. ಆ ಅರಿವು ಬೇರೆಯವರ ಮೇಲೆ ಕರುಣೆಯಾಗಿ ಮಾಗದಿದ್ದರೆ ನಾವು ಪಟ್ಟ ಪಾಡೆಲ್ಲ ವ್ಯರ್ಥ.

ಹತ್ತದ ಬಣ್ಣ ಎಲ್ಲಿಗೆ ಹೋಗುತ್ತದೆ?

ಈ ಚಿಂತನೆಯಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಹಾಕಿದ ಬಣ್ಣವೆಲ್ಲ ಬಟ್ಟೆಗೆ ಹತ್ತುವುದಿಲ್ಲ. ಒಂದಷ್ಟು ಭಾಗ ನೀರಿನ ಜೊತೆಗೇ ಸೇರಿ ಕೆಟ್ಟುಹೋಗುತ್ತದೆ. ಅದನ್ನು ಸೋಪು ನೀರಿನಲ್ಲಿ ಕುದಿಸಿ ತೊಳೆದು ಹೊರಹಾಕುತ್ತಾರೆ. ಉಪ್ಪಂತೂ ಬಟ್ಟೆಗೆ ಅಂಟುವುದೇ ಇಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇದ್ದರೆ, ಗಾಢ ಬಣ್ಣದ ತೊಟ್ಟಿಯಲ್ಲಿ ಲೀಟರಿಗೆ 80 ಗ್ರಾಂವರೆಗೂ ಹಾಕುವುದುಂಟು. ಹಾಕಿದ್ದೆಲ್ಲ ನೀರಿನಲ್ಲೇ ಉಳಿಯುತ್ತದೆ. ಆ ನೀರು ಎಲ್ಲಿಗೆ ಹೋಗುತ್ತಿತ್ತು?

ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುವ ನೊಯ್ಯಲ್ ನದಿಗೆ. ಬೇಸಾಯಕ್ಕೆಂದು ಒರತ್ತುಪಾಳಯದಲ್ಲಿ ಕಟ್ಟಿದ ಅಣೆಕಟ್ಟು 1992ರಲ್ಲಿ ಮುಗಿಯಿತು. ಅದರಲ್ಲಿ ತುಂಬಿದ್ದು ಉಪ್ಪು, ಬಣ್ಣದ ನೀರು. ಕೆಳಗಿನ ರೈತರ ಬಾವಿಗಳು ಉಪ್ಪಾದವು, ಹೊಲಗಳು ಹಾಳಾದವು. ನೀರು ಬೇಕೆಂದು ಅಣೆಕಟ್ಟು ಕಟ್ಟಿಸಿಕೊಂಡ ಜನರೇ ಆ ನೀರನ್ನು ಬಿಡಬೇಡಿ ಎನ್ನುವಂತಾಯಿತು. ರೈತರು ನ್ಯಾಯಾಲಯಕ್ಕೆ ಹೋದರು. ಒಂದು ಹನಿ ಮಲಿನ ನೀರೂ ಹೊರಗೆ ಹೋಗಬಾರದೆಂದು 2006ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿತು. ಮಲಿನ ಮಾಡಿದವರೇ ಅದರ ಬೆಲೆ ತೆರಬೇಕು ಎಂಬ ತತ್ವವನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೂ ನೀರು ಹರಿಯುತ್ತಲೇ ಇತ್ತು. 2011ರ ಜನವರಿ 28ರಂದು ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನೆಲ್ಲ ಮುಚ್ಚಲು ಆದೇಶ ನೀಡಿತು. ಕೆಲಸ ಕಳೆದುಕೊಂಡ ಬಡವರು ಗಂಟುಮೂಟೆ ಕಟ್ಟಿ ಊರಿಗೆ ಹೋದರು. ಆಮೇಲೆ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ, ಉಪ್ಪನ್ನೂ ಹಿಂದಕ್ಕೆ ಪಡೆಯುವ ವ್ಯವಸ್ಥೆ ಮಾಡಿಕೊಂಡು ಘಟಕಗಳು ಒಂದೊಂದಾಗಿ ತೆರೆದವು.

ಡೈಯಿಂಗ್ ಮಾಲೀಕರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆ ಬಣ್ಣದಿಂದ ನಮ್ಮಲ್ಲಿಯೂ ಅನೇಕರ ಒಲೆ ಉರಿದಿದೆ. ಕಾನೂನು ಒಂದು ಕೊಳವೆಯನ್ನು ಮುಚ್ಚಿಸಬಲ್ಲದು. ಮಳೆಯ ರಾತ್ರಿಯಲ್ಲಿ ಯಾರೂ ನೋಡುತ್ತಿಲ್ಲವೆಂದು ಅದೇ ಕೊಳವೆಯನ್ನು ತೆರೆಯುವ ಕೈಯನ್ನು ಒಳಗಿನ ಗುಣವೇ ತಡೆಯಬೇಕು. ಅಂಥ ಕೊಳವೆಗಳು ನಮ್ಮ ಮನೆಗಳಲ್ಲಿಯೂ ಇವೆ.

ನಮಗೆ ಹತ್ತದೆ ಉಳಿದ ವಿಶ್ವಾಸ ಎಲ್ಲಿಗೆ ಹೋಗುತ್ತದೆ? ಅದು ಸುಮ್ಮನೆ ಮಾಯವಾಗುವುದಿಲ್ಲ, ಕೆಳಗೆ ಇರುವವರ ಕಡೆಗೆ ಹರಿಯುತ್ತದೆ. ಭಾನುವಾರ ಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಸೋಮವಾರ ಕೆಲಸದವರನ್ನು ಹೆಸರು ಹಿಡಿಯದೆ ‘ಏ’ ಎಂದು ಕರೆಯುವ ಸೂಪರ್‌ವೈಸರ್ ನಮ್ಮವರಾಗಿದ್ದರೆ, ಆ ಬಣ್ಣದ ನೀರು ಹೋಗುವುದು ಆ ಹೆಣ್ಣುಮಗಳ ಮನಸ್ಸಿಗೆ. ‘ಇವರ ದೇವರೂ ಹೀಗೆಯೇ ಇರಬೇಕು’ ಎಂದು ಆಕೆ ಅಂದುಕೊಂಡರೆ ಆ ಬಾವಿ ಹಾಳಾದಂತೆ. ಜಪಸರ ಮುಗಿದ ಕೂಡಲೇ ಗಂಡ ಹೆಂಡತಿ ಜಗಳವಾಡುವ ಮನೆಯಲ್ಲಿ ಆ ನೀರು ಮಕ್ಕಳ ಹೊಲಕ್ಕೆ ಹೋಗುತ್ತದೆ. ಮುಂದೆ ಆ ಮಕ್ಕಳು ದೇವಾಲಯಕ್ಕೆ ಬರುವುದನ್ನು ಬಿಟ್ಟಾಗ, ‘ಈ ಕಾಲದ ಹುಡುಗರೇ ಹೀಗೆ’ ಎನ್ನುತ್ತೇವೆ. ಮೇಲೆ ನಿಂತು ನೀರು ಬಿಟ್ಟವರು ಯಾರೆಂದು ಕೇಳಿಕೊಳ್ಳುವುದಿಲ್ಲ.

ಆದ್ದರಿಂದ ಸದ್ಗುಣವನ್ನು ಬೆಳೆಸಿಕೊಳ್ಳುವುದು ನಮ್ಮೊಬ್ಬರ ಆತ್ಮದ ಲಾಭಕ್ಕಷ್ಟೇ ಸೇರಿದ ವಿಷಯವಲ್ಲ. ಯೆಶಾಯರು ಒಳಿತನ್ನು ಕಲಿಯಿರಿ ಎಂದ ಕೂಡಲೇ ಅನಾಥರ, ವಿಧವೆಯರ, ಹಿಂಸೆಗೆ ಒಳಗಾದವರ ಮಾತೆತ್ತುತ್ತಾರೆ. ಆ ಕಾಲದ ಸಮಾಜದಲ್ಲಿ ನದಿಯ ಕೆಳಭಾಗದಲ್ಲಿ ಇದ್ದವರು ಅವರೇ. ಜಕ್ಕಾಯನೂ ಇದನ್ನು ಅರಿತಿದ್ದ. ಪ್ರಭು ತನ್ನ ಮನೆಗೆ ಬಂದ ದಿನ ಅವನು ಕಣ್ಣೀರು ಹಾಕಿದನೆಂದು ಲೂಕ ಬರೆಯುವುದಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಲೆಕ್ಕ ಹೇಳಿದ. ಮಲಿನ ಮಾಡಿದವನು ಬೆಲೆ ತೆತ್ತ. ಗುಣ ಬದಲಾದದ್ದು ಗೊತ್ತಾಗುವುದು ಹೀಗೆ.

ಬಟ್ಟೆಯ ವ್ಯಾಪಾರದ ಒಬ್ಬ ಹೆಣ್ಣುಮಗಳು

ಇದೆಲ್ಲ ದುಡಿದು ತಿನ್ನುವ ನಮ್ಮಂಥವರಿಗೆ ಆಗುವ ಮಾತೇ ಎಂದು ಅನ್ನಿಸಿದರೆ ಲಿಡಿಯಳನ್ನು ನೆನೆಯೋಣ. ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯದಲ್ಲಿ ಆಕೆ ಬರುತ್ತಾಳೆ. ಥುವತೈರ ಎಂಬ ಊರಿನವಳು, ಫಿಲಿಪ್ಪಿಯಲ್ಲಿ ವಾಸ, ಕೆಂಗಂದು ಬಣ್ಣದ ಬಟ್ಟೆಯ ವ್ಯಾಪಾರ. ಊರು ಬಿಟ್ಟು ಬಂದವಳು, ಬಣ್ಣದ ಬಟ್ಟೆಯಿಂದ ಅನ್ನ ಕಂಡವಳು, ನಮ್ಮ ಹಾಗೆಯೇ. ಪ್ರಭು ಆಕೆಯ ಹೃದಯವನ್ನು ತೆರೆದರು ಎಂದು ಗ್ರಂಥ ಹೇಳುತ್ತದೆ. ಹೃದಯ ತೆರೆದ ಮೇಲೆ ಆಕೆ ತೆರೆದದ್ದು ತನ್ನ ಮನೆಯ ಬಾಗಿಲನ್ನು. ಪೌಲರನ್ನೂ ಅವರ ಜೊತೆಗಾರರನ್ನೂ ಒತ್ತಾಯ ಮಾಡಿ ಮನೆಗೆ ಕರೆದಳು. ಅವರು ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ದಿನವೂ ಆ ಬಾಗಿಲು ತೆರೆದೇ ಇತ್ತು. ಅದು ಒದ್ದೆ ಪರೀಕ್ಷೆಯ ದಿನ, ಆಕೆಯ ಬಣ್ಣ ಬಿಡಲಿಲ್ಲ. ಮುಂದೆ ಆ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿಯೇ ಪೌಲರು ಸತ್ಯವಾದದ್ದು, ಮಾನ್ಯವಾದದ್ದು, ನ್ಯಾಯವಾದದ್ದು ಯಾವುದೋ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ, ಕಲಿತದ್ದನ್ನು ನಡೆಸಿರಿ ಎಂದು ಬುದ್ಧಿ ಹೇಳಿದರು.

ಈ ವಾರಗಳಲ್ಲಿ ನಾವು ಏನು ಮಾಡೋಣ?

ನಮ್ಮ ಯುವಜನರ ಕಡೆಯಿಂದ ಮೂರು ವಿಷಯಗಳನ್ನು ನಿಮ್ಮ ಮುಂದಿಡುತ್ತೇವೆ. ಮೂರೂ ಚಿಕ್ಕವೇ.

ಒಂದು, ರಾತ್ರಿ ಮಲಗುವ ಮುನ್ನ ಐದು ನಿಮಿಷ. ಮೊಬೈಲ್ ಪಕ್ಕಕ್ಕಿಟ್ಟು, ಶಿಲುಬೆಯ ಗುರುತು ಹಾಕಿ, ಬೆಳಗಿನಿಂದ ನಡೆದದ್ದನ್ನು ದೇವರ ಮುಂದೆ ನೋಡುವುದು. ಎಲ್ಲಿ ದೇವರು ಕೈ ಹಿಡಿದರು, ಎಲ್ಲಿ ನಾವು ಕೈ ಬಿಟ್ಟೆವು, ನಾಳೆ ಯಾರ ಹತ್ತಿರ ಹೇಗೆ ನಡೆದುಕೊಳ್ಳಬೇಕು. ಎರಡನೆಯ ಶಿಫ್ಟ್ ಮುಗಿಸಿ ಬರುವವರು ಬಸ್ಸಿನಲ್ಲಿ ಕೂತೂ ಮಾಡಬಹುದು.

ಎರಡು, ಒಂದೇ ಒಂದು ಗುಣವನ್ನು ಆರಿಸಿಕೊಳ್ಳುವುದು. ಸಂಯಮವೆಂದರೆ ಯಾವ ಸಂಯಮ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಗೊತ್ತು ಮಾಡಿಕೊಳ್ಳುವುದು. ‘ಸಿಟ್ಟು ಬಿಡುತ್ತೇನೆ’ ಎನ್ನುವುದಕ್ಕಿಂತ, ‘ಕೆಲಸದಿಂದ ಬಂದು ಮುಖ ತೊಳೆದು, ಒಂದು ಲೋಟ ನೀರು ಕುಡಿಯುವ ತನಕ ಮನೆಯವರ ಮೇಲೆ ದನಿ ಎತ್ತುವುದಿಲ್ಲ’ ಎನ್ನುವುದು ಮೇಲು. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಶುರು. ಬಣ್ಣ ಸರಿಯಾಗದ ಲಾಟನ್ನೂ ಮತ್ತೆ ತೊಟ್ಟಿಗೆ ಹಾಕುತ್ತಾರೆ, ಎಸೆಯುವುದಿಲ್ಲ.

ಮೂರು, ಶುಭ ಶುಕ್ರವಾರದ ಒಳಗೆ ಒಂದನ್ನು ಹಿಂದಿರುಗಿಸುವುದು. ತಡೆಹಿಡಿದ ಕೂಲಿ, ವಾಪಸ್ಸು ಮಾಡದ ಕೈಸಾಲ, ಕೆಡಿಸಿದ ಒಬ್ಬರ ಹೆಸರು, ಕೇಳದೆ ಉಳಿದ ಕ್ಷಮೆ, ಯಾವುದಾದರೂ ಒಂದು. ಊರಿನಲ್ಲಿ ಅಣ್ಣ ತಮ್ಮಂದಿರ ನಡುವೆ ಜಮೀನಿನ ವಿಷಯಕ್ಕೆ ಮಾತು ನಿಂತು ವರ್ಷಗಳಾಗಿದ್ದರೆ, ಪಾಸ್ಖ ಹಬ್ಬಕ್ಕೆ ಮುನ್ನ ಒಂದು ಫೋನ್ ಆದರೂ ಹೋಗಲಿ.

ಜೊತೆಗೆ, ಶುಕ್ರವಾರಗಳ ಶಿಲುಬೆ ಹಾದಿಯಲ್ಲಿ ನಾವು ಕನ್ನಡದವರೇ ಒಂದು ಮೂಲೆಯಲ್ಲಿ ನಿಲ್ಲದೆ, ತಮಿಳು, ಮಲಯಾಳ, ಹಿಂದಿ ಮಾತಾಡುವ ಸಹೋದರರ ನಡುವೆ ಬೆರೆತು ನಡೆಯೋಣ. ಹಾಡು ಅರ್ಥವಾಗದಿದ್ದರೂ ಹದಿನಾಲ್ಕು ನಿಲ್ದಾಣಗಳಲ್ಲಿ ಮೊಣಕಾಲೂರುವುದಕ್ಕೆ ಭಾಷೆ ಬೇಕಿಲ್ಲ. ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಕನಿಕರ, ದಯೆ, ದೀನತೆ, ಸಹನೆಗಳನ್ನು ಬಟ್ಟೆಯಂತೆ ತೊಟ್ಟುಕೊಳ್ಳಿರಿ, ಎಲ್ಲದರ ಮೇಲೆ ಪ್ರೀತಿಯನ್ನು ತೊಟ್ಟುಕೊಳ್ಳಿರಿ ಎನ್ನುತ್ತಾರೆ. ಲೋಕಕ್ಕೆಲ್ಲ ಬಟ್ಟೆ ತೊಡಿಸುವ ಊರಿನಲ್ಲಿ ಬಾಳುವ ನಾವು ಈ ಬಟ್ಟೆಯನ್ನು ಮರೆಯದಿರೋಣ.

ಪ್ರಾರ್ಥಿಸೋಣ: ಕರುಣಾಮಯರಾದ ತಂದೆಯೇ, ನಮ್ಮ ಸ್ವಭಾವ ಬದಲಾಗದೆಂದು ನಾವೇ ಕೈಬಿಟ್ಟಾಗಲೂ ನೀವು ನಮ್ಮನ್ನು ಕೈಬಿಡಲಿಲ್ಲ. ನಮ್ಮನ್ನು ತೊಳೆಯಿರಿ, ಒಳಿತನ್ನು ಕಲಿಸಿರಿ. ನಿಮ್ಮ ಪುತ್ರರ ಗುಣ ನಮ್ಮ ಎಳೆ ಎಳೆಗೂ ಹತ್ತಲಿ. ಸುಖದಲ್ಲಿಯೂ ಕಷ್ಟದಲ್ಲಿಯೂ ಅದು ಬಿಡದಿರಲಿ. ನಮ್ಮಿಂದ ನೊಂದವರ ಬಾವಿಗಳನ್ನು ಮತ್ತೆ ಸಿಹಿಯಾಗಿಸಿರಿ, ಆ ಕೆಲಸದಲ್ಲಿ ನಮ್ಮ ಕೈಗಳನ್ನೂ ಬಳಸಿಕೊಳ್ಳಿರಿ. ಮಾತೆ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.